ಎರಡು ಬಾಟ್ಲಿ ನೀರು

ಸಾಯಗಾಂವ, ತಾ. ಭಾಲ್ಕಿ
೯ ಫೆಬ್ರವರಿ ೨೦೨೫

ಮುದ್ದಿನ ಮಗಳು ಪ್ರಣಾಲಿಗಿ ನಿನ್ನ ಆಯಿಯ ಜೈಭೀಮ್.

ಫೋನ್ ಇರೂಮುಂದ ಇವಳಿಗೇನಾತು, ಕಾಗದ ಬರೀಲಿಕ್ಕ ಕುಂತಾಳ ಅಂತ ನಗಬ್ಯಾಡ. ಫೋನಿನಾಗ ನೀ ಊಟ ಆತೇನು ಆಯಿ ಅಂದಕೂಡ್ಲೆ ನನ್ನ ಬಾಯಿ ಕಟ್ಟತದ.

ಮೊದಲ ಖುಷಿ ಸುದ್ದಿ. ಸಕ್ಕರಿ ಕಾರ್ಖಾನಿಯವರು ಶುದ್ಧ ಮಾಡಿದ ನೀರು ನಮ್ಮ ಕಾಯಿಪಲ್ಯಾದ ಹೊಲಕ್ಕ ಮತ್ತ ಬಿಡಲಿಕತ್ತು ಇವತ್ತಿಗಿ ಎಂಟು ದಿನ. ನೀ ಹೇಳಿದಂಗ ಬುಡಕ್ಕಷ್ಟೇ ಬಿಡ್ತೀವಿ, ಎಲಿಗಿ ತಾಕಸೂದಿಲ್ಲ. ಹಸೀದು ತಿನ್ನೂ ಕೊತಂಬ್ರಿ, ಮೂಲಂಗಿಗಿ ಬಾವಿ ನೀರು. ಉಳಿದ ಬದನಿ ಗಿಡ ಚಿಗತಾವ. ನಿನ್ನ ಉಪಕಾರ ಹ್ಯಾಂಗ ತೀರಸಲಿ, ನನ್ನವ್ವ!

ಈಗ ಹೊಟ್ಟ್ಯಾಗಿಂದು ಹೇಳ್ತೀನಿ. ಡಿಸೆಂಬರದಾಗ ನೀರಿನ ತಪಾಸಣಿಗಿ ಅಂತ ನೀ ಬೀದರದ ಲ್ಯಾಬಿನಿಂದ ಎರಡು ಖಾಲಿ ಬಾಟ್ಲಿ ಕಳಿಸಿದ್ದಿ. ತುಂಬೂ ಕೆಲಸ ನಮ್ಮ ನೀರಿನ ಸಂಘದವರು ನನಗ ಹಚ್ಚಿದ್ರು. ಮುಚ್ಚಳಾ ತಗದೆ, ಏನೋ ಔಷಧದ ವಾಸನಿ. ಅಯ್ಯ, ಇಂಥಾ ಬಾಟ್ಲಿ ಕಳಿಸಿ ನಮ್ಮ ಓಣಿಯಿಂದ ಹೊಲಸು ಬಂತು ಅಂತ ಆಫೀಸಿನಾಗ ಒಬ್ಬರಾದ್ರೂ ಮೂಗು ಮುಚ್ಚಿದ್ರ? ನಿಮ್ಮಜ್ಜಿ ಬೊಗಸಿ ಒಡ್ಡಿದ್ರ ಮುಟ್ಟದಂಗ ಮ್ಯಾಲಿಂದ ನೀರು ಸುರೂತಿದ್ರು, ಅದನ್ನ ನಾ ಕಣ್ಣಾರೆ ಕಂಡೀನಿ. ಸೋಪಿನ ಪುಡಿ ಹಾಕಿ ಗಸಗಸ ತಿಕ್ಕಿ, ಸ್ವಲ್ಪೇ ನೀರಿನಾಗ ಜಾಲಿಸಿ, ಬಿಸಲಿಗಿ ಒಣಗಿಸಿ ಆಮ್ಯಾಲೆ ತುಂಬಿದೆ. ಫಳಫಳ ಹೊಳೀತಿದ್ವು. ಎಷ್ಟು ಜಂಬ ಇತ್ತು ನನಗ!

ನೀರಿನಾಗ ಸೋಪಿನ ಅಂಶ ಮಿತಿ ಮೀರ್ಯಾದ ಅಂತ ರಿಪೋರ್ಟ್ ಬಂತು, ಕೆಳಗ ನಿನ್ನ ಸಹಿ. ಕಾರ್ಖಾನಿ ನೀರು ನಿಂತಿತು. ನಲವತ್ತು ದಿನದಾಗ ಹದಿನಾಲ್ಕು ಮನಿಯವರ ಬದನಿ, ಬೆಂಡಿ ಬಾಡಿದ್ವು. ಹುಟ್ಟಿದೂರಿನವರ ಹೊಟ್ಟಿ ಮ್ಯಾಲೆ ಹೊಡದಳು, ನೌಕರಿ ಸೊಕ್ಕು ಅಂತ ಬಾಜೂ ಹೊಲದ ಕಾಶೀರಾಮ ಚಾದಂಗಡ್ಯಾಗ ಕುಂತು ಬೈದ. ನಾ ಅಲ್ಲೇ ನಿಂತಿದ್ದೆ. ಸುಳ್ಳ್ಯಾಕ ಹೇಳಲಿ, ಮನಸ್ಸಿನಾಗ ನಾನೂ ಹೌದಂದೆ.

ಸಕ್ಕರಿ ಮಾಡೂವಲ್ಲಿ ಇಷ್ಟು ಸೋಪು ಎಲ್ಲಿಂದ ಬಂತು ಅಂತ ನೀ ಸುಮ್ಮನ ಕೂಡಲಿಲ್ಲ. ಏಳು ತಿಂಗಳ ಬಸುರಿ, ಬೀದರದ ಚಿದ್ರಿಯಿಂದ ಬಸ್ಸಿನಾಗ ಬಂದಿ. ನೀ ತಂದ ಹೊಸ ಬಾಟ್ಲಿ ತಗೊಂಡು ನಾ ಸೀದಾ ಬಚ್ಚಲಿಗಿ ನಡದೆ, ತೊಳೀಲಿಕ್ಕ! ನೀ ಹಿಂದ ಬಂದಿ. ನನ್ನ ಕೈಯಾಗಿನ ಸೋಪಿನ ಪುಡಿ ನೋಡಿದಿ, ಮಾರಿ ನೋಡಿದಿ. ಇವು ತೊಳದಾವ ಆಯಿ ಅಂತ ಮೆಲ್ಲಕ ಇಸಗೊಂಡಿ, ಅಷ್ಟೇ. ಮೊದಲಿನ ಬಾಟ್ಲ್ಯಾಗಿನ ಸೋಪು ನಂದೇ ಅಂತ ನನಗ ಆವಾಗ ಹೊಳೀತು.

ನೀನೇ ತುಂಬಿಕೊಂಡು ಹೋದ ನೀರು ಪಾಸಾತು. ಸಂಘದವರ ಮುಂದ ನನ್ನ ಹೆಸರು ಎತ್ತಲಿಲ್ಲ, ತಪ್ಪು ನಂದೇ ಅಂದಿ. ಇಷ್ಟು ಕಲ್ತು ಬಾಟ್ಲಿ ನೀರು ತಪಾಸ ಮಾಡ್ಲಿಕ್ಕ ಬರಲಿಲ್ಲ ಅಂತ ಮಂದಿ ಇನ್ನೂ ನಗ್ತಾರ. ನಾ ತಲಿ ತಗ್ಗಿಸಿ ಪಲ್ಯಾ ಹರೀತೀನಿ. ನನ್ನ ಮಾನ ಉಳಿಸಿ ನಿಂದು ಕಳಕೊಂಡಿ. ಹಡದಾಕಿ ನಾ ಹೌದು, ಆದ್ರ ಅವತ್ತು ತಾಯಿ ಆದಾಕಿ ನೀನು. ಎಲ್ಲರ ಮುಂದ ಒಪ್ಪಿಕೊಳ್ಳೂ ಧೈರ್ಯ ನನಗಿಲ್ಲ ಮಗಳೇ. ಇದು ನಮ್ಮಿಬ್ಬರೊಳಗೇ ಇರಲಿ.

ಹೊತ್ತಿಗಿ ಸರಿಯಾಗಿ ಉಣ್ಣು. ಭಾರ ಎತ್ತಬ್ಯಾಡ.

ನಿನ್ನ ಆಯಿ,
ಶಾಲುಬಾಯಿ

ತಾ.ಕ. (೧೧ ಫೆಬ್ರವರಿ): ಎರಡು ದಿನ ಈ ಕಾಗದ ತಲಿದಿಂಬಿನ ಕೆಳಗಿತ್ತು, ನಿದ್ದಿ ಬರಲಿಲ್ಲ. ಇವತ್ತು ಮುಂಜಾನಿ ಪೈಪಿನ ಹತ್ರ ಎಲ್ಲರೂ ಕೂಡಿದಾಗ ಮೊದಲಿನಿಂದ ಕಡಿತನಕ ಗಟ್ಟಿಯಾಗಿ ಓದಿಬಿಟ್ಟೆ, ಚಾದಂಗಡಿ ಮಾತೂ ಬಿಡಲಿಲ್ಲ. ಕಾಶೀರಾಮ ಎದ್ದು ಬಂದು, ಅಂಚಿಗಿ ಹಾಕಬ್ಯಾಡ ವೈನಿ, ನಾನೇ ಒಯ್ದು ಕೊಡ್ತೀನಿ ಅಂದ. ಈಗ ನಿನ್ನ ಬಾಗಲಾಗ ನಿಂತಾಂವ ಅಂವನೇ. ಒಳಗ ಕರಿ.