ಮಂಜಿಗೆ ನಾನು ಮಾಡಿದ ಅನುವಾದ

ಅಂಕೋಲಾ, ೨೦ ಜೂನ್ ೨೦೦೬, ಮಂಗಳವಾರ.

ನಿದ್ರೆ ಬರುತ್ತಿಲ್ಲ. ಅವರ್ಸಾದ ನಮ್ಮ ಗದ್ದೆಯಲ್ಲಿ ಭತ್ತದ ಸಸಿ ನಟ್ಟಿ ಮಾಡುವ ಮಂಜಿ, ತನ್ನ ತಪಾಸಣೆಯ ಫಲಿತಾಂಶ ಕೇಳಿ ಹೇಳಲೆಂದು ಇಂದು ನನ್ನನ್ನು ಕಾರವಾರದ ಆಸ್ಪತ್ರೆಗೆ ಕರೆದೊಯ್ದಳು. ಕನ್ನಡ ಬಾರದ ತರುಣ ವೈದ್ಯರು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿಯೇ ಹೇಳಿದರು: ಸ್ತನದ ಕ್ಯಾನ್ಸರ್; ಹದಿನೈದು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಭರವಸೆಯಿದೆ; ಇದೆಲ್ಲವನ್ನೂ ಆಕೆಗೆ ತಿಳಿಸಿ.

"ಎಂತದಂತ್ರಾ ಮಾಸ್ತರೆ?"

ಆ ಪದ ಬಾಯಿಗೆ ಬರಲಿಲ್ಲ. "ಸಣ್ಣ ಗಂಟು, ತೆಗೆಸಬೇಕು" ಎಂದೆ.

"ಅಷ್ಟೇಯಾ? ಹಂಗಾರೆ ನಿಮ್ಮ ಗದ್ದೆ ನಟ್ಟಿ ಮುಗ್ಸ್ಕಂಡೇ ಬತ್ತೆ. ಸುಮ್ನೆ ಹೆದ್ರಿ ಸತ್ತಿದ್ದೆ!" ಎಂದು ನಕ್ಕಳು. ಆ ನಗೆಯನ್ನು ಕಂಡ ವೈದ್ಯರು ನನ್ನ ಮುಖವನ್ನೇ ನೋಡಿದರು.

ಮಕ್ಕಳ ಅನುವಾದದಲ್ಲಿ ಒಂದು ಪದ ಬಿಟ್ಟುಹೋದರೂ ಅಂಕ ಕಳೆಯುತ್ತಿದ್ದವನು ನಾನು. ಬಸ್ಸಿನಲ್ಲಿ ಮಂಜಿ ಪಕ್ಕದವಳಿಗೆ, "ಮಾಸ್ತರು ಸುಳ್ಳು ಹೇಳ್ವರಲ್ಲ, ಅದ್ಕೇ ಕರ್ಕಂಡ್ ಹೋಗಿದ್ದೆ" ಎನ್ನುತ್ತಿದ್ದಳು.

ನಾಳೆ ಮೊದಲ ಬಸ್ಸಿಗೆ ಅವರ್ಸಾಕ್ಕೆ ಹೋಗುತ್ತೇನೆ. ಆಕೆ ಗದ್ದೆಗಿಳಿಯುವ ಮೊದಲೇ ಹೇಳಬೇಕು. ಮೊದಲ ವಾಕ್ಯವೊಂದು ಮಾತ್ರ ಇನ್ನೂ…