ಗಂಟೆಗೆ ಎದ್ದು ಹೋಗುವ ಮರ್ಸೆಲಿನ್

ಹಳಿಯಾಳ, ೨೧೮೭, ಫೆಬ್ರವರಿ ಮೂವತ್ತು.

ನೂರೈವತ್ತು ಚಿಲ್ಲರೆ ವರ್ಷ ಹಿಂದಿರುವ ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖಿಲ್ಲ, ನಮ್ಮಲ್ಲಿ ಬಂದುಬಿಟ್ಟಿದೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಕರೆಂಟು ಕೊಡುವ ಹಳೇ ಬಿಸಿಲುಹಲಗೆ ಕೊಂಡು ಮಾರಿ ಮೇಲೆ ಬಂದವನು ನಾನು, ಜುಜೆ ಸಿದ್ದಿ. ಓದಿದವರ ಭಾಷೆ ನನಗೆ ಸೆಕೆಂಡ್‌ಹ್ಯಾಂಡ್ ಮಾಲು.

ಬೇರೆ ಬೇರೆ ಮೂಲದ ಮಕ್ಕಳು ಒಟ್ಟಿಗೆ ಕೂತು ಓದಿದರೆ ಎಲ್ಲರ ಬುದ್ಧಿಯೂ ಹರಿತವಾಗುತ್ತದೆ ಎಂದು ಸಮಾಜವಿಜ್ಞಾನಿಗಳಾದ ನೀವು ಬರೆದಿಟ್ಟಿರಿ. ಸುಳ್ಳಲ್ಲ. ಅದನ್ನೇ ಹಿಡಿದು ಇಲ್ಲಿಯ ವಿಶ್ವವಿದ್ಯಾಲಯ ಪ್ರತಿ ತರಗತಿಯ ಬಾಗಿಲಿಗೂ ‘ಬೆರಕೆಮಾಪಿ’ ಹಾಕಿದೆ. ಒಳಗೆ ಎಲ್ಲರೂ ಒಂದೇ ಮೂಲದವರಾದರೆ ಕೆಂಪು ದೀಪ. ಬೇರೆಯವರೊಬ್ಬರು ಬಂದು ಕೂತರೆ ಹಸಿರು. ಹಸಿರಿಗೆ ಅನುದಾನ. ಇಡೀ ಕ್ಯಾಂಪಸ್ಸಿಗೆ ಆಫ್ರಿಕಾ ಮೂಲದ ನಮ್ಮ ಸಿದ್ದಿ ಹುಡುಗಿ ಒಬ್ಬಳೇ, ನನ್ನ ಮೊಮ್ಮಗಳು ಮರ್ಸೆಲಿನ್. ಇನ್ನಷ್ಟು ಮಕ್ಕಳನ್ನು ಸೇರಿಸಿಕೊಳ್ಳುವುದು ತುಟ್ಟಿ. ಇರುವವಳನ್ನೇ ತಿರುಗಿಸುವುದು ಅಗ್ಗ. ವ್ಯಾಪಾರಿಯಾಗಿ ಹೇಳುತ್ತೇನೆ, ಲೆಕ್ಕದಲ್ಲಿ ತಪ್ಪಿಲ್ಲ.

ಅವಳು ಸೇತುವೆ ಕಟ್ಟುವ ವಿದ್ಯೆ ಕಲಿಯಲು ಹೋದವಳು. ಪಾಠ ಅರ್ಧಕ್ಕೆ ಬರುವಾಗ ಗಂಟೆ. ಎದ್ದು ಇತಿಹಾಸಕ್ಕೆ, ಅಲ್ಲಿಂದ ಔಷಧಶಾಸ್ತ್ರಕ್ಕೆ. ಹೋದಲ್ಲೆಲ್ಲ ಚಹಾ ಕೊಡುತ್ತಾರೆ, ಮರ್ಯಾದೆ ಮಾಡುತ್ತಾರೆ, ನಿನ್ನ ಅಭಿಪ್ರಾಯವೇನಮ್ಮ ಎನ್ನುತ್ತಾರೆ. ಒಂದು ಸಂಜೆ ಬುತ್ತಿಡಬ್ಬಿ ತೊಳೆಯುತ್ತ ಅಂದಳು: “ಅಜ್ಜಾ, ಈ ದಂಡಿ ಕಂಬ ನಿಲ್ಸೋದು ಗೊತ್ತಾತು. ಆ ದಂಡಿ ಮುಟ್ಟೋದು ಹೆಂಗಂತ ಇನ್ನೂ ಕೇಳೇ ಇಲ್ಲ ನೋಡು.”

ಕುಲಪತಿಗಳ ಹತ್ತಿರ ಹೋದೆ. “ನಿಮ್ಮ ಮೊಮ್ಮಗಳು ನಮ್ಮ ಆಸ್ತಿ, ಜುಜೆಯವರೇ” ಎಂದರು. “ಆಸ್ತಿ ಅಂದಮೇಲೆ ಖಾತೆ ಯಾರ ಹೆಸರಿಗಿದೆ ಸ್ವಾಮಿ?” ಎಂದೆ. ನಕ್ಕರು, ಬೆನ್ನು ತಟ್ಟಿದರು, ವರದಿ ತೋರಿಸಿದರು. ಅವಳು ಕೂತೆದ್ದ ತರಗತಿಗಳಲ್ಲೆಲ್ಲ ಫಲಿತಾಂಶ ಏರಿದೆ. ನಿಜವೇ. ಜಗಳವಾಡಲು ಎದುರಿನವರು ಒಂದು ಸುಳ್ಳಾದರೂ ಹೇಳಬೇಕಲ್ಲ; ಕೈಮುಗಿದು ಎದ್ದು ಬಂದೆ.

ನಿನ್ನೆ ಎಲ್ಲರಿಗೂ ಹಾಲ್‌ಟಿಕೆಟ್ ಬಂತು, ಅವಳಿಗಿಲ್ಲ. ಸೇತುವೆ ತರಗತಿಯಲ್ಲಿ ಹಾಜರಿ ಸಾಲದಂತೆ. ಉಳಿದ ಕಡೆ ಕೂತದ್ದನ್ನು ಸೇರಿಸಿಕೊಳ್ಳಿ ಎಂದೆ. ಅಲ್ಲಿ ಅವಳು ವಿದ್ಯಾರ್ಥಿಯಲ್ಲ, ‘ಕಲಿಕೆಯ ಪರಿಸರ’ ಎಂದರು. ಯಾರ ಕಾಲು ಹಿಡಿಯಬೇಕೋ ತಿಳಿಯದು, ಎಲ್ಲರೂ ಒಳ್ಳೆಯವರೇ.

ನಿಮ್ಮ ಕಾಲದಲ್ಲಿ ಕೂತು ಅಧ್ಯಯನ ಬರೆಯುತ್ತಿರುವವರೇ, ಒಂದು ಕೋರಿಕೆ. ಅಂಥವಳಿಂದ ಪಕ್ಕದವರಿಗೆ ಏನು ಸಿಕ್ಕಿತೆಂದು ಬರೆದಾದ ಮೇಲೆ, ಅವಳಿಗೇನು ಸಿಕ್ಕಿತೆಂದು ಅವಳನ್ನೇ ಕೇಳಿ ಒಂದು ಸಾಲು ಬರೆಯಿರಿ. ನಮ್ಮವರು ನಿಮ್ಮ ಬರಹವನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಇಲ್ಲದ ಸಾಲನ್ನು ಎಲ್ಲಿಂದ ಪಾಲಿಸಿಯಾರು?

ಮರ್ಸೆ ಬ್ಯಾಗು ಹೆಗಲಿಗೇರಿಸಿ ಹೊಸಿಲು ದಾಟಿದಳು. ಪರೀಕ್ಷೆಯ ದಿನವೂ ಹಸಿರು ದೀಪ ಬೇಕಂತೆ. ತಾನು ಬರೆಯದ ಪರೀಕ್ಷೆಯ ಕೊಠಡಿಯಲ್ಲಿ ಸುಮ್ಮನೆ ಕೂರಲು ಹೊರಟಿದ್ದಾಳೆ.