ಶೀಘ್ರ ವಿಲೇವಾರಿ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯಪ್ಪ? ಕುತ್ತಿಗೆ ನೋವು ಕಡಿಮೆಯಾಯಿತೆ? ಹಗಲೆಲ್ಲ ಕಂಪ್ಯೂಟರಿಗೆ ಮುಖ ಕೊಟ್ಟು ಕೂತರೆ ಕುತ್ತಿಗೆ ತಾನೇ ಏನು ಮಾಡೀತು? ಎರಡೆರಡು ದಿಂಬು ಇಟ್ಟುಕೊಂಡು ಮಲಗಬೇಡ ಎಂದು ಚಿಕ್ಕಂದಿನಿಂದ ಬಡಿದುಕೊಂಡೆ, ನೀನು ಕೇಳುವವನೇ? ನಿನ್ನ ಮನೆಯಾಕೆ, ಮಗಳು ಚೆನ್ನಾಗಿದ್ದಾರೆ ಎಂದುಕೊಂಡಿದ್ದೇನೆ. ಅಮ್ಮ ಗಟ್ಟಿಯಾಗಿದ್ದಾಳೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಮೂಲೆಮೂಲೆಯ ಧೂಳೂ ಕಾಣಿಸತೊಡಗಿ ನನ್ನ ಪ್ರಾಣ ತಿನ್ನುತ್ತಿದ್ದಾಳೆ. ನನಗೂ ಸಿಟ್ಟೊಂದು ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಆ ಸಿಟ್ಟು ನಿನ್ನ ಮೇಲೆ. ಸುತ್ತಿಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

ಮೊನ್ನೆ ನೀನು ನನ್ನನ್ನು ಬಿಟ್ಟು ಅಮ್ಮನಿಗೆ ಫೋನ್ ಮಾಡಿದೆ. ಎದೆಯಲ್ಲಿ ಧೈರ್ಯವಿದ್ದಿದ್ದರೆ ನನಗೇ ಮಾಡುತ್ತಿದ್ದೆ. ನಾನು ಹೊಲಿಯುತ್ತ ಕೂತಿದ್ದಾಗ ಅಮ್ಮ ಬಾಗಿಲಿಗೆ ಒರಗಿ ನಿಂತು, “ಆ ಅರ್ಜಿ ವಾಪಸ್ ತಗೊಂಡ್ಬಿಡೇ, ಅವನ ಕೆಲಸಕ್ಕೆ ಕುತ್ತು ತರಬೇಡ” ಎಂದಳು. ಪೇಟೆಂಟ್ ಎಂದರೆ ತಿನ್ನುವುದೋ ಉಡುವುದೋ ಅವಳಿಗೆ ಗೊತ್ತಿಲ್ಲ. ಮಗನ ಕೆಲಸ ಹೋಗುತ್ತದೆ ಅನ್ನುವುದೊಂದೇ ಅವಳ ತಲೆಗೆ ಹೋಗಿದೆ. ಅವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಪೇಟೆಂಟ್ ಕಚೇರಿಯಲ್ಲಿ ಅಷ್ಟು ದೊಡ್ಡ ಅಧಿಕಾರಿಯಾಗಿ, ನಿನ್ನ ಮಾತನ್ನು ಆಡಿಸುವುದಕ್ಕೆ ನಿನಗೆ ಅಮ್ಮನ ಬಾಯೇ ಬೇಕಾಯಿತೆ?

ಯಾವ ಅರ್ಜಿ ಎಂಬುದು ನಿನಗೆ ಮರೆತಿರಬಹುದು, ದಿನಕ್ಕೆ ಎಷ್ಟೋ ನೋಡುತ್ತೀಯ. ನಮ್ಮ ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಮೆಷಿನ್ನಿನಲ್ಲಿ ಶರಟಿಗೆ ಕಾಲರ್ ಹೊಲಿಯುವ, ನಾವೆಲ್ಲ ಅತ್ತಿಗೆ ಎಂದೇ ಕರೆಯುವವರು ಇದ್ದಾರಲ್ಲ, ಅವರ ಬೆರಳಿಗೆ ಸೂಜಿ ಹೊಕ್ಕು ಉಗುರಿನೊಳಗೇ ಮುರಿಯಿತು. ಬೆರಳು ಸಿಗದಿರಲೆಂದು ಮೆಷಿನ್ನಿಗೆ ಕಂಪನಿಯವರು ಕೊಟ್ಟ ತಗಡಿನ ಕಾವಲು ಇತ್ತು. ಆದರೆ ಅದು ಸೂಜಿಯನ್ನೇ ಮುಚ್ಚುತ್ತದೆ, ದಾರ ಪೋಣಿಸಬೇಕಾದರೆ ಪ್ರತಿ ಸಲ ಬಿಚ್ಚಬೇಕು. ಬಿಚ್ಚಿದ್ದನ್ನು ಯಾರೂ ಮತ್ತೆ ಹಾಕುವುದಿಲ್ಲ. ಹಾಕುತ್ತ ಕೂತರೆ ಸೂಪರ್‌ವೈಸರ್ ಬೊಬ್ಬೆ ಹೊಡೆಯುತ್ತಾನೆ. ನಾನು ತಂತಿಯಲ್ಲಿ ಬೇರೆಯದನ್ನೇ ಮಾಡಿದೆ. ಬಟ್ಟೆ ಒತ್ತಿಹಿಡಿಯುವ ಪಾದ ಮೇಲೆದ್ದರೆ ಅದೂ ಪಕ್ಕಕ್ಕೆ ಸರಿಯುತ್ತದೆ, ಪಾದ ಇಳಿದರೆ ತಾನಾಗಿ ಬಂದು ಬೆರಳಿಗೆ ಅಡ್ಡ ನಿಲ್ಲುತ್ತದೆ. ಬಿಚ್ಚುವ ಮಾತೇ ಇಲ್ಲ. ಎಷ್ಟು ತಂತಿ ಹಾಳು ಮಾಡಿದೆನೋ! ಅತ್ತಿಗೆ ಅದನ್ನು ಹಾಕಿಕೊಂಡು ದಿನವಿಡೀ ಹೊಲಿದು, “ಇದು ಇದೆ ಅನ್ನೋದೇ ಮರ್ತೋಗುತ್ತಲ್ಲೇ” ಎಂದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಕಿರಲಿಲ್ಲ. ಬೇಕು ಎಂದವನು ನೀನು.

ರಜೆಗೆ ಬಂದಿದ್ದಾಗ ಅದನ್ನು ನೋಡಿ ಮಗುವಿನ ಹಾಗೆ ಕುಣಿದೆ. “ಅಕ್ಕಾ, ಇದಕ್ಕೆ ಪೇಟೆಂಟ್ ಹಾಕ್ಲೇಬೇಕು. ಹೆಂಗಸರ ಅರ್ಜಿಗೆ ಈಗ ಸಾಲಿಲ್ಲ, ಸೀದಾ ಮುಂದಕ್ಕೆ!” ಎಂದೆ. ಮೊದಲೆಲ್ಲ ಅರ್ಜಿಗಳು ವರ್ಷಗಟ್ಟಲೆ ಕೊಳೆಯುತ್ತಿದ್ದವು, ಪೇಟೆಂಟ್ ಬರುವ ಹೊತ್ತಿಗೆ ಯಂತ್ರವೇ ಹಳೆಯದಾಗುತ್ತಿತ್ತು, ಈಗ ಸರ್ಕಾರ ಹೊಸಬರನ್ನು ಸೇರಿಸಿಕೊಂಡಿದೆ, ಶೀಘ್ರ ವಿಲೇವಾರಿ ಯೋಜನೆಗೆ ನೀನೇ ಮುಂದಾಳು ಎಂದೆಲ್ಲ ಹೇಳಿದೆ. ನನಗೆ ಹೆಮ್ಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಯೋಜನೆ ಕೆಟ್ಟದ್ದು ಎಂದು ಈಗಲೂ ಅನ್ನುವುದಿಲ್ಲ. ಆದರೆ “ನನ್ನವಳಿಗೆ ತೋರಿಸ್ತೀನಿ” ಎಂದು ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೋ ಹೊಡೆದುಕೊಂಡೆಯಲ್ಲ, ಅದನ್ನು ತೆಗೆದುಕೊಂಡು ಹೋಗಿ ಯೋಜನೆಯ ಪ್ರಚಾರ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದೆ. ತಂತಿ ಹೇಗೆ ಬಾಗಿದೆ, ಎಲ್ಲಿ ಕೂರುತ್ತದೆ, ಎಲ್ಲವನ್ನೂ ಬಿಡಿಸಿ ಬರೆದೆ. ಕೆಳಗೆ ‘ಅರ್ಜಿ ಸಲ್ಲಿಕೆಯಾಗಿದೆ’ ಎಂದು ಬೇರೆ ಹಾಕಿದೆ. ಎಲ್ಲಿ ಸಲ್ಲಿಕೆಯಾಗಿತ್ತು? ಚಿತ್ರ ಸರಿಯಿಲ್ಲ, ಇನ್ನೊಮ್ಮೆ ಬರೆಸು ಎಂದು ನೀನೇ ನನ್ನನ್ನು ಓಡಾಡಿಸುತ್ತಿದ್ದೆ. ಮಂತ್ರಿಗಳ ಸಮಾರಂಭಕ್ಕೆ ಪುಸ್ತಿಕೆ ಬೇಕಿತ್ತು, ಅದಕ್ಕೇ ಆಗದ ಕೆಲಸವನ್ನು ಆಗಿದೆ ಎಂದು ಬರೆದುಬಿಟ್ಟೆ. ಅರ್ಜಿಗಿಂತ ಮೊದಲು ಬಾಯಿ ಬಿಡಬೇಡಿ ಎಂದು ಊರಿಗೆಲ್ಲ ಪಾಠ ಹೇಳುವವನು ನೀನು!

ಕೊನೆಗೆ ಚಿತ್ರ ಸರಿಹೋಗಿ ನಾನು ಅರ್ಜಿ ಹಾಕುವ ಹೊತ್ತಿಗೆ ಪುಸ್ತಿಕೆ ಹೊರಬಂದಾಗಿತ್ತು. ನಿನ್ನ ಯೋಜನೆ ಚುರುಕಾಗಿಯೇ ಇದೆ, ಬೇಗನೆ ಉತ್ತರ ಬಂತು. ನಿಮ್ಮ ಇನ್ನೊಂದು ಶಾಖೆಯಲ್ಲಿ ಅರ್ಜಿ ಪರಿಶೀಲಿಸುವ ಮೇಡಂ ಫೋನಿನಲ್ಲಿ ಮಾತಾಡಿದರು. ಒಳ್ಳೆಯ ಹೆಣ್ಣುಮಗಳು, ನನಗೆ ಅರ್ಥವಾಗುವವರೆಗೆ ಹೇಳಿದರು. ಅರ್ಜಿ ಹಾಕುವ ಮೊದಲೇ ಊರಿಗೆಲ್ಲ ಗೊತ್ತಾದದ್ದು ಹೊಸದಲ್ಲವಂತೆ, ಹೊಸದಲ್ಲದ್ದಕ್ಕೆ ಪೇಟೆಂಟ್ ಇಲ್ಲವಂತೆ. ಪುಸ್ತಿಕೆಯ ಹೆಸರು ಹೇಳುವಾಗ ಅವರ ದನಿ ಇಳಿಯಿತು. “ಬರೆದಿರೋದು ನಮ್ಮ ಸಾಹೇಬ್ರೇ ಅಮ್ಮಾ” ಎಂದರು. ಅವರು ನನ್ನ ತಮ್ಮ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಅಮ್ಮನ ಮಾತು ತಲೆಯಲ್ಲಿತ್ತಲ್ಲ, ವಾಪಸ್ ತೆಗೆದುಕೊಂಡರೆ ಏನಾಗುತ್ತದೆ ಎಂದು ಕೇಳಿದೆ. ಪುಸ್ತಿಕೆ ಎಲ್ಲಿಗೂ ಹೋಗುವುದಿಲ್ಲವಾದ್ದರಿಂದ ಇದೇ ತಂತಿಗೆ ಮತ್ತೆ ಪೇಟೆಂಟ್ ಸಿಗುವುದು ಕಷ್ಟವಂತೆ. ನಿಮ್ಮ ಕಚೇರಿಗೆ ಮಾತ್ರ ಏನೂ ನಷ್ಟವಿಲ್ಲ, “ವಾಪಸ್ ಹೋದದ್ದೂ ವಿಲೇವಾರಿ ಲೆಕ್ಕಕ್ಕೇ ಸೇರುತ್ತೆ” ಎಂದರು. ಅಂದರೆ ನಾನು ಸೋತರೂ ನಿನ್ನ ಪಟ್ಟಿಯಲ್ಲಿ ಒಂದು ಗೆಲುವು. ಇದು ನಿನಗೆ ಗೊತ್ತಿದ್ದೇ ಅಮ್ಮನ ಕೈಲಿ ಹೇಳಿಸಿದೆಯಲ್ಲ, ನಿನಗೆ ಮನಸ್ಸಾದರೂ ಹೇಗೆ ಬಂತು?

ಮೂರು ಕಾಸಿನ ತಂತಿಗೆ ಅಕ್ಕ ಇಷ್ಟೊಂದು ಹಟ ಮಾಡುತ್ತಾಳೆ ಎಂದು ಮೂಗು ಮುರಿಯಬೇಡ. ನಿನ್ನ ಪುಸ್ತಿಕೆಯ ಫೋಟೋ ನೋಡಿಕೊಂಡು ಮೆಷಿನ್ ಬಿಡಿಭಾಗದವನೊಬ್ಬ ನನ್ನ ಕಾವಲನ್ನು ಮಾಡಿ ಮಾರುತ್ತಿದ್ದಾನೆ. ಫೋಟೋದಲ್ಲಿ ಆಕಾರ ಕಾಣುತ್ತದೆ, ತಂತಿಯ ಗಟ್ಟಿತನ ಕಾಣುತ್ತದೆಯೇ? ಅವನದು ಮೆತ್ತನೆಯ ತಂತಿ. ನಾಲ್ಕು ದಿನ ಹೊಲಿದರೆ ಬಾಗಿ ಸೂಜಿಗೇ ಅಡ್ಡ ಬರುತ್ತದೆ. ನಮ್ಮ ಫ್ಯಾಕ್ಟರಿಯವರು ಅಗ್ಗವೆಂದು ಎಲ್ಲ ಮೆಷಿನ್ನಿಗೂ ಅದನ್ನೇ ಹಾಕಿಸಿದರು. ಕಳೆದ ಮಂಗಳವಾರ ಕಾಲರ್ ಅತ್ತಿಗೆಯ ಸೂಜಿ ಅದಕ್ಕೆ ಬಡಿದು ಮುರಿದು, ಚೂರು ಹಾರಿ ಕಣ್ಣಿಗೆ ಹೊಕ್ಕಿತು. ದೃಷ್ಟಿ ಉಳಿಯುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ನೋಡಲು ಹೋದರೆ ಅವರು ನನ್ನ ಕೈ ಹಿಡಿದುಕೊಂಡು, “ನಿಂದು ಅಂತ ನಂಬಿ ಹಾಕ್ಕೊಂಡಿದ್ದೆ ಕಣೇ” ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಿಭಾಗದವನ ಅಂಗಡಿಗೆ ಹೋಗಿ ಕೂಗಾಡಿದೆ. ಅವನು ನಗುತ್ತ, “ಪೇಟೆಂಟ್ ಇದ್ರೆ ತೋರ್ಸಿ, ಇವತ್ತೇ ನಿಲ್ಲಿಸ್ತೀನಿ” ಎಂದ. ಅವನು ಕಳ್ಳನಿರಬಹುದು, ಆದರೆ ಬಾಗಿಲು ತೆರೆದಿಟ್ಟವನು ನೀನು.

ಹೊಗಳಿಸಿಕೊಳ್ಳುವ ಆತುರ ನಿನಗೆ. ಅಷ್ಟು ಜನರ ಅರ್ಜಿ ಬೇಗ ಮುಗಿಸಿಕೊಟ್ಟ ನಿನಗೆ, ಅಕ್ಕನನ್ನು ಒಂದು ಮಾತು ಕೇಳುವಷ್ಟು ಪುರುಸೊತ್ತು ಇರಲಿಲ್ಲ. ಸಿಟ್ಟಿನಲ್ಲಿ ಬರೆದದ್ದು, ಅಕ್ಷರ ಕೆಟ್ಟಿದ್ದರೆ ಅನುಸರಿಸಿಕೊಂಡು ಓದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಗಳ ಕೆನ್ನೆಗೆ ನನ್ನದೊಂದು ಮುತ್ತು. ನಿನ್ನ ಮನೆಯಾಕೆಯ ಮೇಲೆ ನನಗೇನೂ ಸಿಟ್ಟಿಲ್ಲ ಎಂದು ಹೇಳು. ಎಷ್ಟು ಬೈದರೂ ನೀನು ಚೆನ್ನಾಗಿರಬೇಕು ಎಂದೇ ಬೇಡಿಕೊಳ್ಳುವ,

ನಿನ್ನ ಅಕ್ಕ

ವಿ.ಸೂ.: ಲಕೋಟೆ ಅಂಟಿಸುವ ಮುಂಚೆ ಮುಖ್ಯವಾದದ್ದು. ಫೋನ್ ಇಡುವಾಗ ಮೇಡಂ ಇನ್ನೊಂದು ಮಾತು ಹೇಳಿದರು. ಕಂಡುಹಿಡಿದವರ ಒಪ್ಪಿಗೆಯಿಲ್ಲದೆ ಬೇರೆಯವರು ಪ್ರಕಟಿಸಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ, ನನ್ನ ಅರ್ಜಿ ಉಳಿಯುತ್ತದಂತೆ. ಆದರೆ ಪ್ರಕಟಿಸಿದವರೇ ಅದನ್ನು ಪ್ರಮಾಣ ಮಾಡಿ ಬರೆದುಕೊಡಬೇಕು. ಗುರುವಾರ ವಿಚಾರಣೆ. ‘ಅಕ್ಕನನ್ನು ಕೇಳದೆ ನಾನೇ ಹಾಕಿಸಿದೆ’ ಎಂದು ಬರೆದು ರುಜು ಮಾಡಿ ಮೇಡಂಗೆ ಕಳಿಸು. ನಿನ್ನ ಸ್ಥಾನ ಹೋಗಬಹುದು, ಗೊತ್ತು, ಅಮ್ಮನಿಗೆ ನಾನು ಸಮಾಧಾನ ಹೇಳುತ್ತೇನೆ. ಫೋನ್ ಮಾತ್ರ ಮಾಡಬೇಡ. ನಿನ್ನ ದನಿಯಲ್ಲಿ “ಅಕ್ಕಾ” ಎಂದು ಕೇಳಿಸಿಕೊಂಡರೆ ಅರ್ಜಿ ವಾಪಸ್ ತೆಗೆದುಕೊಂಡುಬಿಡುತ್ತೇನೆ.